ಹಿಂದೆ ನಿಂತಿರುವ ಅಪ್ಪ

ಧಾರವಾಡ ಕಡೆಯ ಕುಟುಂಬ, ಪುಣೆಗೆ ಬಂದು ವರ್ಷಗಳೇ ಆಗಿವೆ. ಅಪ್ಪನಿಗೆ ಪಿಂಪ್ರಿಯಲ್ಲಿ ಕೆಲಸ, ಮಗಳಿಗೆ 11. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಭಾನುವಾರ ಬೆಳಿಗ್ಗೆ ಆದರೆ ಸಾಕು, ಹುಡುಗಿಗೆ ಹೊಟ್ಟೆನೋವು. ಆರ್ಚರಿ, ಅಂದರೆ ಬಿಲ್ಲುಗಾರಿಕೆ ಕ್ಲಾಸಿನ ಹೊತ್ತು ದಾಟಿದ ಮೇಲೆ ಅವಳೇ ಅವಲಕ್ಕಿ ಕೇಳಿ ತಿನ್ನುತ್ತಾಳೆ. ಡಾಕ್ಟರು ಏನೂ ಇಲ್ಲ ಅಂದ ಮೇಲೆ ಆಪ್ತಸಲಹೆಗೆ ನನ್ನ ಹತ್ತಿರ ಬಂದರು.

ಅಪ್ಪ ಕೂತವರೇ ಶುರು ಮಾಡಿದರು. "ಕಿತ್ತೂರು ಚೆನ್ನಮ್ಮನ ಸೀಮೆಯವ್ರು ನಾವು ಮೇಡಂ, ಇಕಿ ಒಂದು ಪೆಟ್ಟಿಗೆ ಅಳ್ತಾಳ. ಇಲ್ಲೇ ಸಾತಾರಾದ ಅದಿತಿ ನೋಡ್ರಿ, 17ಕ್ಕ ವರ್ಲ್ಡ್ ಚಾಂಪಿಯನ್!"

ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ಗೆದ್ದದ್ದು ನಿಜ. ಆದರೆ ಆಕೆಯದು ಕಾಂಪೌಂಡ್ ಬಿಲ್ಲು. ಅದರ ತುದಿಗಳಲ್ಲಿ ಗಾಲಿ ಇರುತ್ತವೆ, ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ಬಹಳ ಇಳಿದುಬಿಡುತ್ತದೆ. ಈ ಹುಡುಗಿಯದು ಗಾಲಿಯಿಲ್ಲದ ರಿಕರ್ವ್ ಬಿಲ್ಲು, ಎಳೆದಷ್ಟೂ ಭಾರ ಜಾಸ್ತಿ. ಸಾಲದ್ದಕ್ಕೆ ಕ್ಲಬ್ಬಿನ 16 ಪೌಂಡಿನ (ಅಂದರೆ ಎಳೆಯಲು ಅಷ್ಟು ಬಲ ಬೇಕಾದ) ಬಿಲ್ಲು ಬಿಡಿಸಿ, ಕೋಚ್ ಬೇಡ ಅಂದರೂ ಕೇಳದೆ, ಅಪ್ಪ 24 ಪೌಂಡಿನದು ಕೊಡಿಸಿದ್ದರು. ಗಟ್ಟಿಯಾಗಲಿ ಅಂತ.

ಹುಡುಗಿ ಒಬ್ಬಳೇ ಇದ್ದಾಗ ತೋಳು ಮೇಲೆತ್ತಿ ತೋರಿಸಿದಳು. ಮುಂಗೈ ಒಳಬದಿ ನೀಲಿಗಟ್ಟಿ, ಅಂಚಲ್ಲಿ ಹಳದಿಗೆ ತಿರುಗಿತ್ತು. ಹೆದೆ ಬಡಿದದ್ದು. ಮೊಣಕೈ ಒಳಕ್ಕೆ ತಿರುಗಿದ್ದರೆ ಹೆದೆ ಅಲ್ಲೇ ಬಡಿಯುತ್ತದೆ, ಭಾರಕ್ಕೆ ತೋಳು ನಡುಗಿದರೆ ಇನ್ನೂ ಜಾಸ್ತಿ. ಮುಂಗೈ ಕಾಯುವ ಪಟ್ಟಿ, ಆರ್ಮ್ ಗಾರ್ಡ್ ಹಾಕಲ್ವಾ ಅಂತ ಕೇಳಿದೆ.

"ಅದಿಲ್ದ ಹೊಡಿ, ಧೈರ್ಯ ಬರ್ತದ ಅಂದ್ರು ಅಪ್ಪ."

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಹಾಗಾದ್ರೆ ಬಿಲ್ಲು ಬೇಡ್ವಾ ಅಂದೆ. ಎದ್ದೇಬಿಟ್ಟಳು. ನನ್ನ ಸೋಫಾದ ದಿಂಬಿಗೆ ಒಂದು ಪೆನ್ ಒತ್ತಿ ನಿಲ್ಲಿಸಿ, ಎಡ ಅಂಗೈಯನ್ನು ಪಕ್ಕದಲ್ಲಿ ಒತ್ತಿಹಿಡಿದು, ಬಲಗೈಯಲ್ಲಿ ಬುಡಕ್ಕೇ ಹಿಡಿದು ನೇರ ಎಳೆದು ತೋರಿಸಿದಳು. ಬಾಣ ಹೀಗೇ ಕೀಳಬೇಕಂತೆ, ಬೆನ್ನ ಹಿಂದೆ ಯಾರೂ ಇರಬಾರದಂತೆ. "ಮೂರು ಸೀಟಿ ಆದ ಮ್ಯಾಲೇ ಹೋಗ್ಬೇಕು, ಮೊದಲ ಹೋದ್ರ ಬೈತಾರ." ಹತ್ತು ನಿಮಿಷ ಇದೇ ಪಾಠ. ಬಿಲ್ಲಿಗೆ ಹೆದರಿದ ಮಗು ಹೀಗೆ ಮಾತಾಡಲ್ಲ. ಆಮೇಲೆ ದಿಂಬು ಸರಿಮಾಡುತ್ತಾ, "ಅಪ್ಪ ಹಿಂದ ನಿಂತಿರ್ತಾರ. ನಾ ಅತ್ತರ ಅವ್ರಿಗೆ ಗೊತ್ತಾಗ್ತದ."

ಅಪ್ಪನಿಗೆ ಇದನ್ನು ಹೇಳಿದಾಗ ಒಪ್ಪಲಿಲ್ಲ. "ನಮ್ಮಪ್ಪ ನನ್ನ ಬಾವ್ಯಾಗ ಒಗದಿದ್ರು ಮೇಡಂ."

"ಈಜು ಬಂತಾ?"

ಸ್ವಲ್ಪ ಹೊತ್ತು ಸುಮ್ನಿದ್ದರು. "ಇಲ್ರೀ. ಈಗೂ ಬಾವಿ ಹತ್ರ ಹೋಗಂಗಿಲ್ಲ." ಅವರೇ ನಕ್ಕರು.

ಅಲ್ಲಿಂದ ಮಾತು ಸಲೀಸಾಯಿತು. ಕೋಚ್ ಹೇಳುವವರೆಗೆ 16 ಪೌಂಡೇ ಇರಲಿ ಅಂದೆ. ಕಲೆ ಮಾಯುವವರೆಗೆ ರಜೆ, ಆಮೇಲೆ ಆರ್ಮ್ ಗಾರ್ಡ್ ಇಲ್ಲದೆ ಒಂದು ಬಾಣವೂ ಬೇಡ. ನೀವು ಹೊರಗೆ ಚಹಾ ಟಪರಿಯಲ್ಲಿ ಕೂತಿರಿ, ಮನೆಗೆ ಬರುವಾಗ ಸ್ಕೋರ್ ಕೇಳಬೇಡಿ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ಎಳೆದ ಬಿಲ್ಲು ಸರಿ ಅನಿಸದಿದ್ದರೆ ಬಾಣ ಬಿಡದೆ ನಿಧಾನಕ್ಕೆ ಇಳಿಸುವುದನ್ನು ಕೋಚ್‌ಗಳೇ ಕಲಿಸುತ್ತಾರೆ, ಅವಳು ಇಳಿಸಿದರೆ ಅದನ್ನು ಹೇಡಿತನ ಅನ್ನಬೇಡಿ.

ತಿಂಗಳ ಮೇಲೆ ಅಪ್ಪ ಫೋನ್ ಮಾಡಿದ್ದರು. ಟಪರಿಯಲ್ಲಿ ಮೂರನೇ ಕಟಿಂಗ್ ಚಹಾ ಕುಡಿಯುತ್ತಾ ಕೂತಿದ್ದಾಗ ಮಗಳು ಓಡಿ ಬಂದು, "ಇವತ್ತು ಎರಡು ಸಲ ಇಳಿಸ್ದೆ" ಅಂದಳಂತೆ. ಇವರಿಗೆ ಏನು ಹೇಳಬೇಕೋ ತಿಳಿಯದೆ ಹೂಂ ಅಂದು ವಡಾಪಾವ್ ಕೊಡಿಸಿದರಂತೆ.