ಡೋಪಮೈನ್ ಅಂದ್ರೆ ಬರೀ ಖುಷಿನಾ? ಇಲಿಯ ಮಿದುಳು ಬೇರೆಯೇ ಹೇಳುತ್ತೆ

ಈ ಸಲದ ಪತ್ರಗಳಲ್ಲಿ ಮಿದುಳಿನ ಪ್ರಶ್ನೆಗಳೇ ಜಾಸ್ತಿ. ಒಂದಕ್ಕೊಂದು ಸಂಬಂಧ ಇರುವ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡೋಪಮೈನ್ ಖುಷಿಯ ರಾಸಾಯನಿಕ, ಮೊಬೈಲ್ ನೋಡಿದಷ್ಟೂ ಸುರಿಯುತ್ತೆ, ಇದನ್ನು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ ಅಂತ ರೀಲ್ಸ್‌ನಲ್ಲಿ ಪದೇ ಪದೇ ಹೇಳ್ತಾರೆ. ನಿಜವಾ ಸರ್?
ಪದವಿ ವಿದ್ಯಾರ್ಥಿನಿ, ಹಾಸನ

ಪ್ರಯೋಗ ನಡೆದದ್ದು ನಿಜ. ಖುಷಿಯ ಮಾತು ಮಾತ್ರ ಅಷ್ಟು ಸಲೀಸಲ್ಲ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ತಮ್ಮ ಕೆಲಸ ಪ್ರಕಟಿಸಿದರು. ಇಲಿಯ ಮಿದುಳಿಗೆ ತೆಳ್ಳನೆಯ ತಂತಿ ಇಳಿಸಿ, ಸ್ವಲ್ಪವೇ ಸ್ವಲ್ಪ ಕರೆಂಟ್ ಕೊಟ್ಟು ನೋಡುವುದು ಅವರ ವಿಧಾನ. ತಂತಿ ಅವರು ಅಂದುಕೊಂಡ ಜಾಗಕ್ಕೆ ಹೋಗದೆ ಬೇರೆಲ್ಲೋ ಕೂತಿತ್ತು. ಕರೆಂಟ್ ಸಿಕ್ಕ ಮೂಲೆಗೇ ಇಲಿ ತಿರುಗಿ ತಿರುಗಿ ಬರತೊಡಗಿತು. ಮುಂದೆ ಇಲಿಯ ಮುಂದೆ ಒಂದು ಪೆಡಲ್ ಇಟ್ಟು, ಒತ್ತಿದರೆ ತನಗೆ ತಾನೇ ಕರೆಂಟ್ ಕೊಟ್ಟುಕೊಳ್ಳುವ ಹಾಗೆ ಮಾಡಿದಾಗ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಲ ಒತ್ತಿದವು, ಪಕ್ಕದಲ್ಲಿ ಊಟ ಇಟ್ಟರೂ ತಿರುಗಿ ನೋಡಲಿಲ್ಲ. ಮಿದುಳಿನ ‘ಸುಖದ ಕೇಂದ್ರ’ ಸಿಕ್ಕಿಬಿಟ್ಟಿತು ಅಂತ ಪತ್ರಿಕೆಗಳು ಬರೆದವು. ಆ ದಾರಿಯ ಜೊತೆ ಡೋಪಮೈನ್ ಹೆಸರು ಸೇರಿಕೊಂಡದ್ದು ಎಷ್ಟೋ ವರ್ಷಗಳ ನಂತರ.

ಆದರೆ ಜಾಸ್ತಿ ಒತ್ತಿದ ಮಾತ್ರಕ್ಕೆ ಖುಷಿಯಾಗಿದೆ ಅಂತಲ್ಲ, ಅಲ್ವಾ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಹಿಡಿದದ್ದು ಇದೇ ಎಳೆಯನ್ನು. ಡೋಪಮೈನ್ ನರಕೋಶಗಳನ್ನು ಕೊಲ್ಲುವ ರಾಸಾಯನಿಕವನ್ನು ಇಲಿಯ ಮಿದುಳಿಗೆ ಕೊಟ್ಟರು. ಆ ಇಲಿ ಊಟದ ಪಕ್ಕದಲ್ಲೇ ಕೂತಿದ್ದರೂ ತಿನ್ನುವುದಿಲ್ಲ, ನಳಿಕೆಯಲ್ಲಿ ಆಹಾರ ಕೊಡದಿದ್ದರೆ ಸತ್ತೇ ಹೋಗುತ್ತೆ. ಅದರ ಬಾಯಿಗೆ ಒಂದು ತೊಟ್ಟು ಸಕ್ಕರೆ ನೀರು ಬಿಟ್ಟರೆ? ನಾಲಿಗೆ ಹೊರಗೆ ಹಾಕಿ ತುಟಿ ಸವರಿಕೊಳ್ಳುತ್ತೆ, ಮಾಮೂಲಿ ಇಲಿಯ ಹಾಗೆಯೇ. ಕಹಿ ಕ್ವಿನೈನ್ ಬಿಟ್ಟರೆ ಬಾಯಿ ಅಗಲಿಸಿ ಮುಖ ಸಿಂಡರಿಸುತ್ತೆ. ಅಂದರೆ ರುಚಿ ಹಿಡಿಸುತ್ತೆ, ಎದ್ದು ಹೋಗಿ ತಿನ್ನಬೇಕು ಅನ್ನುವುದೇ ಹುಟ್ಟುವುದಿಲ್ಲ. ‘ಬೇಕು’ ಅನ್ನುವುದು ಬೇರೆ, ‘ಚೆನ್ನಾಗಿದೆ’ ಅನ್ನುವುದು ಬೇರೆ. ಡೋಪಮೈನ್ ಹೆಚ್ಚಾಗಿ ಮೊದಲನೆಯದರ ಕಡೆ. ರೀಲ್ಸ್ ಮಾಡುವವರು ಈ ಎರಡನೇ ಪ್ರಯೋಗವನ್ನು ಯಾಕೋ ಹೇಳುವುದೇ ಇಲ್ಲ.

ಪ್ರಶ್ನೆ: ಅಷ್ಟು ಪುಟ್ಟ ಮಿದುಳಿನಲ್ಲಿ ಯಾವ ರಾಸಾಯನಿಕ ಯಾವ ದಾರಿಯಲ್ಲಿ ಹೋಗುತ್ತೆ ಅಂತ ಹೇಗೆ ಗೊತ್ತಾಯಿತು?
ವಿಜ್ಞಾನ ಶಿಕ್ಷಕರು, ಬಾಗಲಕೋಟೆ

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಇದರ ಉತ್ತರ ಸ್ವೀಡನ್‌ನಲ್ಲಿದೆ. ಇಲಿಯ ಮಿದುಳಿನ ತೂಕ ಸುಮಾರು 2 ಗ್ರಾಂ. ಅದನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಿ, ತೆಳು ತೆಳುವಾಗಿ ಕೊಯ್ದು ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಇರುವ ನರಕೋಶಗಳು ಹಸಿರಾಗಿ, ಸೆರಟೋನಿನ್ ಇರುವವು ಹಳದಿಯಾಗಿ ಹೊಳೆಯುತ್ತವೆ. 1962ರಲ್ಲಿ ಬಂದ ಈ ವಿಧಾನ ಫಾಲ್ಕ್ ಮತ್ತು ಹಿಲ್ಲಾರ್ಪ್ ಅವರದು. ಅದನ್ನೇ ಹಿಡಿದು ಅನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ 1964ರಲ್ಲಿ ಇಲಿಯ ಮಿದುಳಿನ ನಕ್ಷೆಯನ್ನೇ ಬರೆದರು. ಒಂದೊಂದು ಗುಂಪಿಗೂ ಎ1, ಎ2, ಬಿ1 ಅಂತ ನಂಬರ್ ಕೊಟ್ಟರು. ಇವತ್ತಿಗೂ ಪ್ರಯೋಗಾಲಯಗಳಲ್ಲಿ ‘ಎ9’, ‘ಎ10’ ಅಂತಲೇ ಮಾತಾಡುತ್ತಾರೆ.

ಎ9 ಗುಂಪಿನ ತಂತುಗಳು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗಕ್ಕೆ ಹೋಗುತ್ತವೆ. ಅದು ಚಲನೆಯ ದಾರಿ. ಎ10 ತಂತುಗಳು ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ ಮತ್ತು ಮಿದುಳಿನ ಮುಂಭಾಗಕ್ಕೆ ಹೋಗುತ್ತವೆ. ಮೇಲೆ ಹೇಳಿದ ‘ಬೇಕು’ ಇದರದು. ಹೈಪೊಥಲಾಮಸ್‌ನಲ್ಲಿರುವ ಎ12 ಮಾಡುವ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತೆ: ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಡೆದಿಡುವುದು! ಡೋಪಮೈನ್‌ಗೆ ಅಡ್ಡ ಬರುವ ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ತೆಗೆದುಕೊಂಡವರಿಗೆ ಬಾಣಂತಿಯಲ್ಲದಿದ್ದರೂ ಎದೆಹಾಲು ಬರುವುದುಂಟು, ಕಾರಣ ಇದೇ. ಮೂರು ಕಡೆಯೂ ರಾಸಾಯನಿಕ ಒಂದೇ, ಅದು ಯಾವ ದಾರಿಯಲ್ಲಿ ಬಂದು ಎಲ್ಲಿ ಇಳಿಯಿತು ಅನ್ನುವುದರ ಮೇಲೆ ಅದರ ಕೆಲಸ. ಹಾಗಾಗಿ ‘ಡೋಪಮೈನ್ ಜಾಸ್ತಿ ಆಯ್ತು’ ಅಂತ ಯಾರಾದರೂ ಹೇಳಿದರೆ, ಎಲ್ಲಿ ಅಂತ ಕೇಳಿ.

ಇನ್ನೊಂದು ವಿಷಯ. ನರತಂತುವಿನ ತುದಿಗೆ ವಿದ್ಯುತ್ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತೆ, ಪುಟ್ಟ ಚೀಲಗಳು ಕೋಶದ ಪೊರೆಗೆ ಅಂಟಿ ಬಾಯಿ ತೆರೆದು ಡೋಪಮೈನ್ ಹೊರಬರುತ್ತೆ. ಅದು ಎದುರಿನ ಕೋಶಕ್ಕಷ್ಟೇ ಮುಟ್ಟುವುದಿಲ್ಲ, ಅಡುಗೆಮನೆಯ ಒಗ್ಗರಣೆ ಘಾಟಿನ ಹಾಗೆ ಸುತ್ತಲೂ ಹರಡುತ್ತೆ. ಎ9ರ ಒಂದೇ ಒಂದು ನರಕೋಶದ ಕವಲುಗಳನ್ನೆಲ್ಲ ಕೂಡಿಸಿದರೆ ಸರಾಸರಿ ಅರ್ಧ ಮೀಟರಿನ ಹತ್ತಿರ ಆಗುತ್ತೆ ಅಂತ ಜಪಾನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಅದೂ 2 ಗ್ರಾಂ ಮಿದುಳಿನೊಳಗೆ.

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ ಇದೆ. ಇಲಿಗೆ ಔಷಧ ಪ್ರಯೋಗ ಮಾಡಿದ್ದು ಮನುಷ್ಯರಿಗೆ ಹೇಗೆ ಆಗಿಬರುತ್ತೆ? ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ಪರಿಚಯದವರು ಹೇಳಿದ್ದಾರೆ, ಕೊಡಬಹುದಾ?
ಹೆಸರು ಬೇಡ ಎಂದವರು, ಶಿರಸಿ

ಮೊದಲು ಎರಡನೇ ಪ್ರಶ್ನೆ. ಡಾಕ್ಟರನ್ನು ಕೇಳದೆ ಕೊಡಬೇಡಿ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ವಸ್ತು) ಇರುವುದು ನಿಜ, 1937ರಲ್ಲೇ ಮದ್ರಾಸಿನಲ್ಲಿ ಅದನ್ನು ಬೇರ್ಪಡಿಸಿದ್ದರು. ಅಪ್ಪ ತೆಗೆದುಕೊಳ್ಳುವ ಮಾತ್ರೆಯಲ್ಲೂ ಬಹುಶಃ ಅದೇ ಇರುತ್ತೆ. ಕಷ್ಟ ಇರುವುದು ಅಲ್ಲೇ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಹೇಳಲಾಗದು, ಮಾತ್ರೆಯ ಜೊತೆ ಸೇರಿದರೆ ಡೋಸ್ ಹೆಚ್ಚಾಗಿ ವಾಂತಿ, ಬಿಪಿ ಇಳಿಯುವುದು, ತಡೆಯಲಾಗದ ಕೈಕಾಲಿನ ಕುಣಿತ ಎಲ್ಲ ಬರಬಹುದು.

ಇನ್ನು ಇಲಿ. ಪಾರ್ಕಿನ್ಸನ್ ಅಂದರೆ ಡೋಪಮೈನ್ ನರಕೋಶಗಳು ಸಾಯುತ್ತಾ ಹೋಗಿ ಚಲನೆ ಕೆಡುವ ಕಾಯಿಲೆ, ಇಲಿಗೆ ಅದು ತಾನಾಗಿ ಬರುವುದಿಲ್ಲ. ಸ್ವೀಡನ್ನಿನ ಉರ್ಬನ್ ಉಂಗರ್‌ಸ್ಟೆಟ್ ಇಲಿಯ ಮಿದುಳಿನ ಒಂದು ಬದಿಯ ಡೋಪಮೈನ್ ದಾರಿಯನ್ನು ಮಾತ್ರ ನಾಶ ಮಾಡಿ, ನಂತರ ಉಳಿದ ನರಕೋಶಗಳಿಂದ ಡೋಪಮೈನ್ ಹೊರಬರಿಸುವ ಆಂಫೆಟಮಿನ್ ಕೊಟ್ಟರು. ಇಲಿ ಪೆಟ್ಟಾದ ಬದಿಗೆ ಗಿರಗಿರ ಸುತ್ತಿತು. ಡೋಪಮೈನ್‌ನ ಹಾಗೆಯೇ ಕೆಲಸ ಮಾಡುವ ಅಪೊಮಾರ್ಫಿನ್ ಕೊಟ್ಟಾಗ ಉಲ್ಟಾ ಸುತ್ತಿತು, ಯಾಕೆಂದರೆ ಡೋಪಮೈನ್ ಸಿಗದೆ ಕಾದಿದ್ದ ಬದಿಯ ಗ್ರಾಹಕಗಳು (ಡೋಪಮೈನ್ ಹಿಡಿಯುವ ಜಾಗಗಳು) ಅತಿ ಸೂಕ್ಷ್ಮವಾಗಿದ್ದವು. ಎಷ್ಟು ಸುತ್ತು ಅಂತ ಎಣಿಸಿದರೆ ಹೊಸ ಔಷಧದ ಶಕ್ತಿ ಅಂದಾಜಿಗೆ ಸಿಗುತ್ತೆ. ಮನುಷ್ಯರಲ್ಲಿ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತೆ, ಇಲಿಯಲ್ಲಿ ಕೆಲವೇ ದಿನದಲ್ಲಿ ಮಾಡಿದ ಗಾಯ. ಹಾಗಾಗಿ ಲಕ್ಷಣ ಕಡಿಮೆ ಮಾಡುವ ಔಷಧಕ್ಕೆ ಈ ಇಲಿ ಒಳ್ಳೆಯ ಪರೀಕ್ಷೆ, ಕಾಯಿಲೆಯನ್ನೇ ತಡೆಯುವ ಔಷಧಕ್ಕೆ ಅಷ್ಟು ನಂಬುವಂತಿಲ್ಲ.

ಎಲ್-ಡೋಪಾ ಕಥೆ ಶುರುವಾದದ್ದು ಮಾತ್ರ ಮೊಲದಿಂದ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ, ಮಿದುಳಿನ ಡೋಪಮೈನ್ ಖಾಲಿ ಮಾಡುವ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಬಿದ್ದುಕೊಂಡವು. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅವಕ್ಕೆ ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಪ್ರಶ್ನೆ: ಇಂಥ ಕೆಲಸ ನಮ್ಮಲ್ಲೂ ಆಗಿದೆಯಾ?
ಓದುಗರು, ಮಂಡ್ಯ

ಆಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಲ್ಡ್ಸ್ ಮಾದರಿಯಲ್ಲೇ ಇಲಿಗಳಿಗೆ ಪೆಡಲ್ ಒತ್ತಿಸಿ, ಆಮೇಲೆ ಅವುಗಳ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಮತ್ತು ಚಲನೆಯ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಎರಡರಲ್ಲೂ ಕೋಶದ ಕವಲುಗಳು ಹೆಚ್ಚಾಗಿದ್ದವು. ಈ ಫಲಿತಾಂಶ 1993ರಲ್ಲಿ ಪ್ರಕಟವಾಯಿತು.