ಒಪ್ಪಿಕೊಳ್ಳುವ ಮುಂಚೆ ಕೇಳಿ: ಅಮೆರಿಕದ ಕೋರ್ಟುಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಕೋರ್ಟಿನ ವಿಷಯವೇ ಜಾಸ್ತಿ. ದಾವಣಗೆರೆಯ ಪತ್ರಕ್ಕೆ ಮೊದಲು ಉತ್ತರ ಕೊಡುತ್ತೇನೆ. ಅವರ ಮಗನ ಕೋರ್ಟಿನ ತಾರೀಕು ಹತ್ತಿರದಲ್ಲೇ ಇದೆ.

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಂಗಡಿಯಲ್ಲಿ ಸುಮಾರು 140 ಡಾಲರ್ ಸಾಮಾನನ್ನು ಸ್ಕ್ಯಾನ್ ಮಾಡದೆ ಹೊರಗೆ ತಂದನಂತೆ. ಪೊಲೀಸರು ಹಿಡಿದು, ಮಾರನೇ ದಿನ ಜಾಮೀನಿನ ಮೇಲೆ ಬಿಟ್ಟರು. ‘ತಪ್ಪು ಒಪ್ಪಿಕೊಂಡರೆ ಜೈಲಿಲ್ಲ, ಆರು ತಿಂಗಳು ಸರಿಯಾಗಿದ್ದರೆ ಕೇಸೇ ವಜಾ ಆಗುತ್ತೆ’ ಎಂದು ಯಾರೋ ವಕೀಲರು ಹೇಳಿದ್ದಾರೆ. ಒಪ್ಪಿಕೊಂಡು ಮುಗಿಸಿಬಿಡಲಾ ಅಂತ ಕೇಳ್ತಿದ್ದಾನೆ. ಖಾಸಗಿ ವಕೀಲರ ಫೀಸು ಕೊಡುವ ಶಕ್ತಿ ನಮಗಿಲ್ಲ. ಸರ್ಕಾರಿ ವಕೀಲರನ್ನು ನಂಬಬಹುದಾ? (ದಾವಣಗೆರೆಯ ತಂದೆ)

ಉತ್ತರ: ಸರ್, ಇವತ್ತೇ ಮಗನಿಗೆ ಫೋನ್ ಮಾಡಿ. ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಸದ್ಯಕ್ಕೆ ಯಾವುದಕ್ಕೂ ಸಹಿ ಹಾಕಬೇಡ ಅಂತ ಮಾತ್ರ ಹೇಳಿ. ಆ ವಕೀಲರು ಸುಳ್ಳು ಹೇಳಿಲ್ಲ. ಆದರೆ ಅವರು ಹೇಳಿರುವುದು ಅಮೆರಿಕದ ನಾಗರಿಕನಿಗೆ ಸರಿಹೋಗುವ ಮಾತು. ನಿಮ್ಮ ಮಗ ಇರುವುದು ವೀಸಾ ಮೇಲೆ.

ಸಿನಿಮಾದಲ್ಲಿ ಕೋರ್ಟು ಅಂದರೆ ಸಾಕ್ಷಿ, ಪಾಟೀಸವಾಲು, ಕೊನೆಗೆ ತೀರ್ಪು. ಅಮೆರಿಕದಲ್ಲಿ ಅಂಥ ಪೂರ್ತಿ ವಿಚಾರಣೆ ನಡೆಯುವುದು ಬಹಳ ಅಪರೂಪ. ಅಲ್ಲಿನ ಸುಪ್ರೀಂ ಕೋರ್ಟೇ 2012ರ ತೀರ್ಪೊಂದರಲ್ಲಿ ಲೆಕ್ಕ ಕೊಟ್ಟಿದೆ. ಶಿಕ್ಷೆಯಾದ ಕೇಸುಗಳಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟುಗಳಲ್ಲಿ ನೂರಕ್ಕೆ 97, ರಾಜ್ಯದ ಕೋರ್ಟುಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದ ಬಂದವು. ಯಾವ ಕಲಂ ಹಾಕಬೇಕು, ಯಾವುದನ್ನು ಕೈಬಿಡಬೇಕು ಎನ್ನುವುದು ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಾದಿಸುವ ವಕೀಲರ ಕೈಯಲ್ಲಿದೆ. ವಿಚಾರಣೆಗೆ ಹೋಗಿ ಸೋತರೆ ಶಿಕ್ಷೆ ದೊಡ್ಡದು, ಈಗಲೇ ಒಪ್ಪಿಕೊಂಡರೆ ಚಿಕ್ಕದು. ಈ ಚೌಕಾಸಿಗೆ ಪ್ಲೀ ಬಾರ್ಗೇನ್ ಅಂತ ಹೆಸರು. ನಮ್ಮಲ್ಲೂ 2006ರಿಂದ ಇದೆ, ಬಳಕೆ ತೀರಾ ಕಮ್ಮಿ. ಅಲ್ಲಿ ಇಡೀ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಹಾಗಾಗಿ ಅಲ್ಲಿ ಹಣೆಬರಹ ತೀರ್ಮಾನ ಆಗುವುದು ಹೆಚ್ಚಾಗಿ ಕೋರ್ಟ್ ಹಾಲಿನ ಹೊರಗೆ, ಇಬ್ಬರು ವಕೀಲರು ಮಾತಾಡಿಕೊಳ್ಳುವ ಹೊತ್ತಿನಲ್ಲಿ.

ಒಪ್ಪಿಕೊಳ್ಳುವ ದಿನ ಏನಾಗುತ್ತದೆ ಅಂತ ಹೇಳುತ್ತೇನೆ. ನಿಮ್ಮ ಮಗ ಜಡ್ಜ್ ಮುಂದೆ ನಿಲ್ಲುತ್ತಾನೆ. ಅವರು ಒಂದೊಂದಾಗಿ ಕೇಳುತ್ತಾರೆ. ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಮುಂದೆ ವಿಚಾರಣೆಯ ಹಕ್ಕು ಬಿಟ್ಟುಕೊಡುತ್ತಿದ್ದೀರಿ, ಗೊತ್ತಾ? ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ಬಿಡುತ್ತಿದ್ದೀರಿ, ಗೊತ್ತಾ? ಯಾರಾದರೂ ಹೆದರಿಸಿದ್ದಾರಾ? ನೀವೇ ಇಷ್ಟಪಟ್ಟು ಒಪ್ಪುತ್ತಿದ್ದೀರಾ? ಹುಡುಗ ಗಂಟಲು ಒಣಗಿಸಿಕೊಂಡು ಪ್ರತಿಯೊಂದಕ್ಕೂ ‘ಯೆಸ್, ಯುವರ್ ಆನರ್’, ‘ನೋ, ಯುವರ್ ಆನರ್’ ಎನ್ನುತ್ತಾನೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಆ ಒಂದೊಂದು ‘ಯೆಸ್’ ಕೂಡ ದಾಖಲೆಗೆ ಹೋಗುತ್ತದೆ. ಆಮೇಲೆ ವಾಪಸ್ ತೆಗೆದುಕೊಳ್ಳುವುದು ತುಂಬಾ ಕಷ್ಟ.

ಈಗ ಮುಖ್ಯ ವಿಷಯ. ಒಪ್ಪಿಕೊಂಡ ಮೇಲೆ ಜಡ್ಜ್ ತೀರ್ಪನ್ನು ತಡೆಹಿಡಿದು, ಇಷ್ಟು ತಿಂಗಳು ಸರಿಯಾಗಿರು ಎಂದು ಷರತ್ತು ಹಾಕುವ ಕ್ರಮಕ್ಕೆ ಟೆಕ್ಸಾಸ್‌ನಲ್ಲಿ ಡಿಫರ್ಡ್ ಅಡ್ಜುಡಿಕೇಶನ್ ಎನ್ನುತ್ತಾರೆ. ರಾಜ್ಯದ ಲೆಕ್ಕದಲ್ಲಿ ಕೊನೆಗೆ ಕೇಸು ವಜಾ. ಆದರೆ ವೀಸಾ ಮತ್ತು ಗ್ರೀನ್ ಕಾರ್ಡ್ ಫೆಡರಲ್ ಸರ್ಕಾರದ ವಿಷಯ. ಅವರ ಕಾನೂನಿನಲ್ಲಿ ‘ಶಿಕ್ಷೆಗೊಳಗಾದವನು’ ಎಂಬುದಕ್ಕೆ ಬೇರೆಯದೇ ಅರ್ಥ ಇದೆ. ಒಬ್ಬ ಮನುಷ್ಯ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು, ಜಡ್ಜ್ ಯಾವುದಾದರೂ ದಂಡನೆಯನ್ನೋ ಕಟ್ಟುಪಾಡನ್ನೋ ಹಾಕಿದರೆ ಸಾಕು, ಶಿಕ್ಷೆಯಾದಂತೆಯೇ. ಕೇಸು ಆಮೇಲೆ ವಜಾ ಆದರೂ ಅಷ್ಟೇ. ‘ನೋ ಕಾಂಟೆಸ್ಟ್’, ಅಂದರೆ ತಕರಾರು ಮಾಡುವುದಿಲ್ಲ ಎಂದು ಹೇಳಿದರೂ ಅಷ್ಟೇ. ಮೇಲಾಗಿ ಕಳ್ಳತನವನ್ನು ವಲಸೆ ಕಾನೂನು ಸಾಮಾನ್ಯವಾಗಿ ನೈತಿಕವಾಗಿ ಕೆಟ್ಟ ಅಪರಾಧಗಳ ಸಾಲಿನಲ್ಲಿ ಇಡುತ್ತದೆ. ಸಣ್ಣ ಅಪರಾಧ ಒಂದೇ ಸಲ ಆಗಿದ್ದರೆ ಸ್ವಲ್ಪ ರಿಯಾಯಿತಿ ಇದೆ, ಎರಡನೇ ಸಲಕ್ಕೆ ಅದು ಸಿಗುವುದಿಲ್ಲ. ಮುಂದೆ ವೀಸಾ ಅರ್ಜಿ ತುಂಬುವಾಗೆಲ್ಲ ‘ಎಂದಾದರೂ ಬಂಧನ ಆಗಿದೆಯಾ?’ ಎಂಬ ಪ್ರಶ್ನೆ ಬರುತ್ತದೆ. ನಿಜವನ್ನೇ ಬರೆಯಬೇಕು. ಕೇಸು ಹೇಗೇ ಮುಗಿಯಲಿ, ಮುಗಿದ ಬಗ್ಗೆ ಕೋರ್ಟಿನ ಕ್ಲರ್ಕ್ ಹತ್ತಿರ ದೃಢೀಕೃತ ನಕಲು ತೆಗೆದಿಡಲು ಹೇಳಿ.

ಇನ್ನೊಂದು ದಾರಿ ಇರಬಹುದು. ಮೊದಲ ಸಲ ಸಿಕ್ಕಿಬಿದ್ದವರಿಗೆ ಅನೇಕ ಕೌಂಟಿಗಳಲ್ಲಿ ಪ್ರೀಟ್ರಯಲ್ ಡೈವರ್ಶನ್ ಎಂಬ ವ್ಯವಸ್ಥೆ ಇದೆ. ಒಂದು ಕ್ಲಾಸು, ಕೆಲವು ಗಂಟೆ ಸಮಾಜಸೇವೆ, ನಂತರ ಕೇಸು ಕೈಬಿಡುತ್ತಾರೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳದೆಯೇ ಇದು ಆಗುವುದಾದರೆ ವೀಸಾ ದೃಷ್ಟಿಯಿಂದ ಎಷ್ಟೋ ವಾಸಿ. ಮಗ ವಕೀಲರನ್ನು ಹೀಗೇ ಕೇಳಲಿ: ‘ಇದಕ್ಕೆ ನಾನು ತಪ್ಪು ಒಪ್ಪಿಕೊಳ್ಳಬೇಕಾ? ನಡೆದದ್ದು ನಿಜ ಅಂತ ಎಲ್ಲಾದರೂ ಬರೆದುಕೊಡಬೇಕಾ? ನನ್ನ ವೀಸಾಕ್ಕೆ ಏನಾಗುತ್ತೆ?’

ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ವಕೀಲರ ಕರ್ತವ್ಯ. ಹೋಸೆ ಪಡಿಯಾ ಎಂಬ ಲಾರಿ ಡ್ರೈವರ್ ಅಮೆರಿಕದಲ್ಲಿ 40 ವರ್ಷಕ್ಕೂ ಹೆಚ್ಚು ಕಾಲ ಕಾಯಂ ನಿವಾಸಿಯಾಗಿದ್ದವರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು. ಗಾಂಜಾ ಸಾಗಿಸಿದ ಕೇಸಿನಲ್ಲಿ, ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ, ವಲಸೆ ವಿಷಯಕ್ಕೆ ಚಿಂತೆ ಬೇಡ ಎಂಬ ವಕೀಲರ ಮಾತು ನಂಬಿ ತಪ್ಪೊಪ್ಪಿಕೊಂಡರು. ಆ ಒಪ್ಪಿಗೆಯಿಂದಲೇ ಗಡೀಪಾರಿನ ಕತ್ತಿ ತಲೆ ಮೇಲೆ ಬಂತು. 2010ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತು, ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ಕಕ್ಷಿದಾರನಿಗೆ ವಕೀಲರು ಅದನ್ನು ತಿಳಿಸಲೇಬೇಕು ಎಂದಿತು.

ಸರ್ಕಾರಿ ವಕೀಲರ ವಿಷಯ. ನಮ್ಮಲ್ಲಿ ಈ ಮಾತಿಗೆ ಪ್ರಾಸಿಕ್ಯೂಟರ್ ಅಂತ ಅರ್ಥ. ನೀವು ಕೇಳುತ್ತಿರುವುದು ಪಬ್ಲಿಕ್ ಡಿಫೆಂಡರ್ ಬಗ್ಗೆ. ಸಂಬಳ ಸರ್ಕಾರದ್ದಾದರೂ ಅವರು ನಿಮ್ಮ ಮಗನ ವಕೀಲರು. ಮಗ ಅವರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ. ಈ ಹಕ್ಕು ಬಂದದ್ದು ಒಬ್ಬ ಬಡವನಿಂದ. 1961ರಲ್ಲಿ ಫ್ಲಾರಿಡಾದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಮೇಲೆ ಒಂದು ಪೂಲ್ ಆಟದ ಅಂಗಡಿಗೆ ನುಗ್ಗಿ ಕದ್ದ ಆರೋಪ ಬಂತು. ವಕೀಲರನ್ನು ಕೊಡಿ ಎಂದರೆ, ಮರಣದಂಡನೆಯ ಕೇಸಿಗೆ ಮಾತ್ರ ಕೊಡುತ್ತೇವೆ ಎಂದರು. ತನ್ನ ಕೇಸನ್ನು ತಾನೇ ವಾದಿಸಿ ಸೋತ. ಐದು ವರ್ಷ ಜೈಲಾಯಿತು. ಜೈಲಿನ ಗೆರೆ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತೂ ಜಡ್ಜ್‌ಗಳು ಅವನ ಪರ ತೀರ್ಪು ಕೊಟ್ಟರು. ಮರುವಿಚಾರಣೆಯಲ್ಲಿ ಪಕ್ಕದಲ್ಲಿ ವಕೀಲರಿದ್ದರು. ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಖುಲಾಸೆ ಮಾಡಿತು. ವಕೀಲರು ಇದ್ದರೆ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಹೇಳುವುದು ಇದೇ ಕಥೆ.

ಆದರೆ ಪಬ್ಲಿಕ್ ಡಿಫೆಂಡರ್ ಮೇಲೆ ಕೇಸುಗಳ ಹೊರೆ ಜಾಸ್ತಿ. ವೀಸಾ ವಿಷಯವನ್ನು ಮಗನೇ ಎತ್ತಬೇಕು. ಸಾಧ್ಯವಾದರೆ ವಲಸೆ ವಕೀಲರ ಹತ್ತಿರ ಒಂದು ಗಂಟೆಯ ಸಲಹೆಗಾದರೂ ದುಡ್ಡು ಹೊಂದಿಸಿ. ಅಕಸ್ಮಾತ್ ವಿಷಯ ವಲಸೆ ಕೋರ್ಟಿಗೆ ಹೋದರೆ ಅಲ್ಲಿ ಉಚಿತ ವಕೀಲರ ಹಕ್ಕು ಇಲ್ಲ. ಆ ಕೋರ್ಟು ನ್ಯಾಯಾಂಗದ ಭಾಗವೇ ಅಲ್ಲ, ಸರ್ಕಾರದ ನ್ಯಾಯ ಇಲಾಖೆಯ ಕೆಳಗಿದೆ. ತಾರೀಕು ತಪ್ಪಿಸಿ ಊರಿಗೆ ಬಂದುಬಿಡು ಅಂತ ಮಾತ್ರ ಯಾರೂ ಹೇಳಬೇಡಿ. ವಾರಂಟ್ ಹೊರಡುತ್ತದೆ, ಅದು ತಾನಾಗಿ ಹೋಗುವುದಿಲ್ಲ. ಪೊಲೀಸರು ಮತ್ತೆ ಕರೆದರೆ ‘ನನ್ನ ವಕೀಲರಿಲ್ಲದೆ ಮಾತಾಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಲಿ. ಸುಮ್ನೆ ಕೂತರೆ ಸಾಲದು, ಹಕ್ಕು ಬೇಕು ಎಂದು ಸ್ಪಷ್ಟವಾಗಿ ಹೇಳಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ.

ಪ್ರಶ್ನೆ: ‘ನ್ಯೂಯಾರ್ಕ್ ಸುಪ್ರೀಂ ಕೋರ್ಟ್ ತೀರ್ಪಿನ ವಿರುದ್ಧ ಅಪೀಲು’ ಎಂದು ಸುದ್ದಿ ಓದಿದೆ. ಸುಪ್ರೀಂ ಕೋರ್ಟಿನ ಮೇಲೆ ಅಪೀಲು ಹೇಗೆ? (ಮೈಸೂರಿನ ಕಾನೂನು ವಿದ್ಯಾರ್ಥಿನಿ)

ಉತ್ತರ: ಹೆಸರು ದಾರಿ ತಪ್ಪಿಸುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೇಸು ಶುರುವಾಗುವ ಕೋರ್ಟು, ನಮ್ಮ ಜಿಲ್ಲಾ ಕೋರ್ಟಿನ ಹಾಗೆ. ಆ ರಾಜ್ಯದ ಅತಿ ದೊಡ್ಡ ಕೋರ್ಟಿನ ಹೆಸರು ಕೋರ್ಟ್ ಆಫ್ ಅಪೀಲ್ಸ್. ಅದು ಆಲ್ಬನಿಯಲ್ಲಿದೆ.

ಇದರ ಹಿಂದೆ ಇರುವ ವಿಷಯ ದೊಡ್ಡದು. ನಮ್ಮಲ್ಲಿ ಏಣಿ ಒಂದೇ. ಸಾಗರದ ಕೋರ್ಟಿನಿಂದ ಹತ್ತಿದರೆ ಬೆಂಗಳೂರಿನ ಹೈಕೋರ್ಟ್, ಅಲ್ಲಿಂದ ದೆಹಲಿ. ಅಮೆರಿಕದಲ್ಲಿ ಅಕ್ಕಪಕ್ಕ ಎರಡು ಏಣಿಗಳಿವೆ. 50 ರಾಜ್ಯಗಳಿಗೂ ತಮ್ಮದೇ ಕಾನೂನು, ತಮ್ಮದೇ ಕೋರ್ಟುಗಳು. ಕೊಲೆ, ಕಳ್ಳತನ, ವಿಚ್ಛೇದನ, ಮನೆ ಬಾಡಿಗೆ ಹೆಚ್ಚಾಗಿ ಅಲ್ಲಿಗೆ ಹೋಗುತ್ತವೆ. ಪೇಟೆಂಟ್, ದಿವಾಳಿ, ಫೆಡರಲ್ ತೆರಿಗೆ ವಂಚನೆಯಂಥವು ಫೆಡರಲ್ ಏಣಿಗೆ. ಅದರಲ್ಲಿ 94 ಜಿಲ್ಲಾ ಕೋರ್ಟುಗಳು, ಮೇಲೆ 13 ಅಪೀಲು ಕೋರ್ಟುಗಳು, ತುದಿಯಲ್ಲಿ ಒಂಬತ್ತು ಜಡ್ಜ್‌ಗಳ ಸುಪ್ರೀಂ ಕೋರ್ಟ್. ಬಂದ ಅರ್ಜಿಗಳಲ್ಲಿ ಬಹುಪಾಲನ್ನು ಅದು ಕೇಳುವುದೇ ಇಲ್ಲ. ಒಂಬತ್ತರಲ್ಲಿ ನಾಲ್ವರಾದರೂ ಬೇಕು ಎಂದರೆ ಮಾತ್ರ ವಾದಕ್ಕೆ ಬರುತ್ತದೆ. ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿ, ಜೀವಮಾನಕ್ಕೆ ನೇಮಿಸುತ್ತಾರೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಜಡ್ಜ್‌ಗಳು ಪಕ್ಷದ ಟಿಕೆಟ್ ಮೇಲೆ ಚುನಾವಣೆಗೆ ನಿಲ್ಲುತ್ತಾರೆ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ವಿಷಯ. ತೀರ್ಪು ಕೊಡುವವರು ಓಟಿನ ಕಡೆ ನೋಡುವ ಹಾಗಿರಬಾರದು.

ಯಾವ ಸುದ್ದಿ ಓದಿದರೂ ಇದು ಯಾವ ಏಣಿಯ ಕೇಸು ಎಂದು ಮೊದಲು ನೋಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಜ್ಯೂರಿ ಕೆಲಸಕ್ಕೆ ಬರಬೇಕೆಂದು ಕೋರ್ಟಿನ ಸಮನ್ಸ್ ಬಂದಿದೆ. ಅವಳದ್ದು ಗ್ರೀನ್ ಕಾರ್ಡ್. ಹೋಗಬೇಕಾ? ಕಾನೂನು ಓದದವರು ತೀರ್ಪು ಹೇಗೆ ಕೊಡುತ್ತಾರೆ? (ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿ)

ಉತ್ತರ: ಟೀಚರ್, ಗಾಬರಿ ಬೇಡ. ಮಗಳು ಜ್ಯೂರಿಯಲ್ಲಿ ಕೂರುವ ಹಾಗಿಲ್ಲ, ಅದು ನಾಗರಿಕರಿಗೆ ಮಾತ್ರ. ನ್ಯೂಜೆರ್ಸಿಯಲ್ಲಿ ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್, ತೆರಿಗೆ ಪಟ್ಟಿಗಳಿಂದಲೂ ಹೆಸರು ಎತ್ತುತ್ತಾರೆ. ಅದಕ್ಕೇ ಅವಳಿಗೂ ಬಂದಿದೆ. ಹಾಗಂತ ಪತ್ರ ಎಸೆಯಬಾರದು. ‘ನಾಗರಿಕಳಲ್ಲ’ ಎಂದು ಗುರುತು ಹಾಕಿ ಉತ್ತರ ಕಳಿಸಬೇಕು. ಮರೆತು ‘ನಾಗರಿಕಳು’ ಎಂಬ ಕಡೆ ಗುರುತು ಹಾಕಿಬಿಟ್ಟರೆ ದೊಡ್ಡ ತೊಂದರೆ. ನಾಗರಿಕತ್ವದ ಬಗ್ಗೆ ಸುಳ್ಳು ಹೇಳುವುದನ್ನು ವಲಸೆ ಕಾನೂನು ಸುಲಭವಾಗಿ ಕ್ಷಮಿಸುವುದಿಲ್ಲ.

ಎರಡನೇ ಪ್ರಶ್ನೆ ನಾನೂ ಕಾಲೇಜಿನಲ್ಲಿ ಕೇಳಿದ್ದೆ. ಕಾನೂನು ಏನೆಂದು ಹೇಳುವುದು ಜಡ್ಜ್ ಕೆಲಸ. ಯಾವ ಸಾಕ್ಷಿ ನಂಬುವಂತಿದೆ, ನಿಜಕ್ಕೂ ಏನಾಯಿತು ಎನ್ನುವುದಷ್ಟೇ ಜ್ಯೂರಿಗೆ. ಅದಕ್ಕೆ ಕಾನೂನಿನ ಡಿಗ್ರಿ ಬೇಡ. ತರಗತಿಯಲ್ಲಿ ಯಾವ ಮಗು ಸುಳ್ಳು ಹೇಳುತ್ತಿದೆ ಅಂತ ನಿಮಗೆ ಗೊತ್ತಾಗುತ್ತಿತ್ತು ಅಲ್ವಾ, ಹಾಗೆ. ಪೂರ್ವಗ್ರಹ ಇರುವವರನ್ನು ವಕೀಲರು ಮತ್ತು ಜಡ್ಜ್ ಮೊದಲೇ ಪ್ರಶ್ನೆ ಕೇಳಿ ಕೈಬಿಡುತ್ತಾರೆ. ಗಂಭೀರ ಅಪರಾಧಕ್ಕೆ ತಪ್ಪಿತಸ್ಥ ಎನ್ನಬೇಕಾದರೆ ಎಲ್ಲರೂ ಒಮ್ಮತದಿಂದ ಹೇಳಬೇಕು. ಲೂಯಿಸಿಯಾನಾ ಮತ್ತು ಆರೆಗನ್‌ನಲ್ಲಿ 12ರಲ್ಲಿ 10 ಮಂದಿ ಸಾಕಾಗುತ್ತಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆಗದು ಎಂದಿತು.

ನಮ್ಮಲ್ಲೂ ಜ್ಯೂರಿ ಇತ್ತು. ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿದ್ದ 1959ರ ಕೊಲೆ ಕೇಸಿನಲ್ಲಿ ಬಾಂಬೆಯ ಜ್ಯೂರಿ 8-1ರಿಂದ ಅವರು ನಿರಪರಾಧಿ ಎಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬರುವ ಹೊತ್ತಿಗೆ ಜ್ಯೂರಿಗೆ ಜಾಗವೇ ಇರಲಿಲ್ಲ. ಅಮೆರಿಕದಲ್ಲಿ ಹಾಗೆ ಮೇಲಕ್ಕೆ ಕಳಿಸಲು ಬರುವುದಿಲ್ಲ. ಜ್ಯೂರಿ ಖುಲಾಸೆ ಮಾಡಿದರೆ ಸರ್ಕಾರ ಅಪೀಲು ಹೋಗುವಂತೆಯೇ ಇಲ್ಲ.

ಪ್ರಶ್ನೆ: ಹಾಗಾದರೆ ಅಮೆರಿಕದ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಜೋಡಿ ಕೊಲೆ ಕೇಸಿನಲ್ಲಿ ಖುಲಾಸೆಯಾದ ಮೇಲೂ ದುಡ್ಡು ಕೊಡಬೇಕು ಅಂತ ಹೇಗೆ ತೀರ್ಪಾಯಿತು? (ತುಮಕೂರಿನ ಓದುಗರು)

ಉತ್ತರ: ಅವು ಎರಡು ಬೇರೆ ಕೇಸುಗಳು. 1995ರದ್ದು ಕ್ರಿಮಿನಲ್, ಸರ್ಕಾರ ಹಾಕಿದ್ದು. ಅಲ್ಲಿ ಸಮಂಜಸವಾದ ಸಂಶಯಕ್ಕೂ ಎಡೆಯಿಲ್ಲದಂತೆ ರುಜುವಾತು ಮಾಡಬೇಕು. 1997ರದ್ದು ಸಿವಿಲ್, ಸತ್ತವರ ಮನೆಯವರು ಹಾಕಿದ್ದು. ಅಲ್ಲಿ ತಕ್ಕಡಿ ಒಂದು ಕಡೆಗೆ ಸ್ವಲ್ಪ ವಾಲಿದರೂ ಸಾಕು. ಜ್ಯೂರಿಗಳು ಬೇರೆ, ಅಳತೆ ಬೇರೆ. ಹಾಗಾಗಿ 3.35 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ನಮ್ಮ ಸಿವಿಲ್ ಕೋರ್ಟುಗಳಲ್ಲೂ ಅಳತೆ ಇಂಥದ್ದೇ.

ಪ್ರಶ್ನೆ: ಸನಿವೇಲ್‌ನಲ್ಲಿ ಬಾಡಿಗೆ ಮನೆ ಬಿಟ್ಟು ಎರಡು ತಿಂಗಳಾಯಿತು. ಕಾರ್ಪೆಟ್ ಹಳೆಯದಾಗಿದೆ ಅಂತ 2,800 ಡಾಲರ್ ಡಿಪಾಸಿಟ್ ಪೂರ್ತಿ ಇಟ್ಟುಕೊಂಡಿದ್ದಾರೆ. ವಕೀಲರನ್ನು ಹಿಡಿದರೆ ಅಷ್ಟೂ ಅವರಿಗೇ ಹೋಗುತ್ತಲ್ವಾ? (ಕ್ಯಾಲಿಫೋರ್ನಿಯಾದ ಕನ್ನಡಿಗರು)

ಉತ್ತರ: ವಕೀಲರೇ ಬೇಡ. ಅಮೆರಿಕದಲ್ಲಿ ಸಾಮಾನ್ಯವಾಗಿ ಗೆದ್ದರೂ ಸೋತರೂ ಅವರವರ ವಕೀಲರ ಫೀಸು ಅವರವರದ್ದೇ. ಅದಕ್ಕೇ ಸಣ್ಣ ಮೊತ್ತಗಳಿಗೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಅಲ್ಲಿ ಯಾರ ಪರವಾಗಿಯೂ ವಕೀಲರು ವಾದ ಮಾಡುವಂತಿಲ್ಲ. ನಿಮ್ಮದೂ ಮನೆ ಮಾಲೀಕರದೂ ಮಾತು ಮಾತ್ರ.

ಕಾನೂನು ನಿಮ್ಮ ಕಡೆ ಇದೆ. ಮನೆ ಬಿಟ್ಟ 21 ದಿನದೊಳಗೆ ಡಿಪಾಸಿಟ್ ವಾಪಸ್ ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದಿದ್ದೇವೆ ಎಂಬ ಪಟ್ಟಿ ಕೊಡಬೇಕು. ವಾಸ ಮಾಡಿದ ಮನೆಯ ಕಾರ್ಪೆಟ್ ಸವೆಯುವುದು ಸಹಜ, ಅದಕ್ಕೆ ದುಡ್ಡು ಹಿಡಿಯುವಂತಿಲ್ಲ. ದುರುದ್ದೇಶದಿಂದ ಇಟ್ಟುಕೊಂಡಿದ್ದಾರೆ ಎಂದು ಜಡ್ಜ್‌ಗೆ ಮನವರಿಕೆಯಾದರೆ ಡಿಪಾಸಿಟ್ಟಿನ ಎರಡರಷ್ಟರವರೆಗೆ ಹೆಚ್ಚುವರಿ ಕೊಡಿಸಬಹುದು. ಮೊದಲು ಒಂದು ಪತ್ರ ಬರೆದು, ಇಂಥ ದಿನದೊಳಗೆ ಕೊಡಿ ಎಂದು ಕೇಳಿ. ಕೊಡದಿದ್ದರೆ ಕೇಸು ಹಾಕಿ. ಒಂದು ಎಚ್ಚರ: ಕೇಸು ಹಾಕಿದವರು ಸೋತರೆ ಅಪೀಲು ಇಲ್ಲ. ಮಾಲೀಕರಿಗೆ ಆ ಅವಕಾಶ ಇದೆ. ಆದ್ದರಿಂದ ಇರುವ ಒಂದೇ ಸಲಕ್ಕೆ ಪೂರ್ತಿ ತಯಾರಾಗಿ ಹೋಗಿ.

ಫೋನಿನಲ್ಲಿ ಫೋಟೋ ತೋರಿಸುತ್ತೇನೆ ಅಂದುಕೊಳ್ಳಬೇಡಿ. ಬಾಡಿಗೆ ಕರಾರು, ಡಿಪಾಸಿಟ್ ಕಟ್ಟಿದ ಚೆಕ್ಕು, ಸೇರುವಾಗ ಮತ್ತು ಬಿಡುವಾಗ ತೆಗೆದ ಫೋಟೋ ಎಲ್ಲವನ್ನೂ ಮೂರು ಪ್ರತಿ ಪ್ರಿಂಟ್ ಮಾಡಿಸಿ. ಜಡ್ಜ್‌ಗೊಂದು, ಮಾಲೀಕರಿಗೊಂದು, ನಿಮಗೊಂದು. ಕೀ ವಾಪಸ್ ಕೊಟ್ಟ ದಿನದ ಇಮೇಲ್ ಇದ್ದರೆ ಅದನ್ನೇ ಎಲ್ಲಕ್ಕಿಂತ ಮೇಲೆ ಇಡಿ. ಆ 21 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ.