ಟೀಚರಮ್ಮನಿಗೊಂದು ಪ್ರಶ್ನೆ: ಕನ್ನಂಬಾಡಿಯ ನೀರು, ಇಂಗ್ಲಿಷಿನ ಪದ

ಈ ತಿಂಗಳ ಅಂಚೆಯಲ್ಲಿ ಹೆಚ್ಚಿನ ಪತ್ರಗಳು ಒಂದೇ ಗೋಳನ್ನು ಹೊತ್ತು ತಂದಿವೆ: ಇಂಗ್ಲಿಷ್ ಓದಿದರೆ ತಲೆಗೆ ಹತ್ತುವುದಿಲ್ಲ, ಕಲಿತ ಪದ ನಿಲ್ಲುವುದಿಲ್ಲ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಇದೇ ಗೋಳು ಕೇಳಿ ನಿವೃತ್ತಳಾದವಳು ನಾನು. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಉಳಿದವರು ಬೇಸರಿಸಬೇಡಿ, ನಿಮ್ಮ ಉತ್ತರವೂ ಇವುಗಳ ಸಂದಿಯಲ್ಲೆಲ್ಲೋ ಸಿಕ್ಕೀತು.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದು ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಪ್ಯಾರಾದಲ್ಲೇ ಹತ್ತು ಪದಗಳು ಗೊತ್ತಿರುವುದಿಲ್ಲ. ಒಂದೊಂದಕ್ಕೂ ಮೊಬೈಲ್‌ನಲ್ಲಿ ಅರ್ಥ ಹುಡುಕುವಷ್ಟರಲ್ಲಿ ಏನು ಓದುತ್ತಿದ್ದೆ ಎಂಬುದೇ ಮರೆತುಹೋಗಿರುತ್ತದೆ. ದಿನಕ್ಕೆ 20 ಪದಗಳಂತೆ ಬಾಯಿಪಾಠ ಮಾಡಲೇ?

ಉತ್ತರ: ಸಂಪಾದಕೀಯ ಓದು ಎಂದವರು ತಾವು ಓದುತ್ತಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ. ಈಜು ಕಲಿಯಲು ಬಂದವನನ್ನು ಮಳೆಗಾಲದ ಕಾವೇರಿಗೆ ನೂಕುವ ಸಲಹೆ ಅದು.

ನಿಮ್ಮ ಲೆಕ್ಕವನ್ನೇ ಮೊದಲು ನೋಡೋಣ. ಪದಸಂಪತ್ತಿನ ಬಗ್ಗೆ ಬಹಳ ಕಾಲ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಅವರ ಅಂದಾಜಿನಂತೆ, ಇಂಗ್ಲಿಷ್ ಪತ್ರಿಕೆಯನ್ನೋ ಕಾದಂಬರಿಯನ್ನೋ ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಡಿಸೈಡ್, ಡಿಸಿಷನ್, ಡಿಸೈಸಿವ್ ಇವೆಲ್ಲ ಸೇರಿ ಒಂದು ಕುಟುಂಬ. ದಿನಕ್ಕೆ 20ರಂತೆ 8,000ಕ್ಕೆ 400 ದಿನ. ಬಿ.ಕಾಂ. ಮುಗಿಯುವುದರೊಳಗೆ ಕೆಲಸ ಪೂರೈಸಿತು! ಆದರೆ ನೀವು ಸವಕಳಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪಟ್ಟಿಯಿಂದ ಉರು ಹೊಡೆದ 20ರಲ್ಲಿ ವಾರದ ಕೊನೆಗೆ ನಾಲ್ಕೈದು ಉಳಿದರೆ ಹೆಚ್ಚು.

ಅದೇ ನೇಷನ್ ಹೇಳುವ ಇನ್ನೊಂದು ಸಂಖ್ಯೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೂರು ಪದಗಳಲ್ಲಿ 98 ಗೊತ್ತಿದ್ದಾಗ ಓದು ಸಲೀಸಾಗುತ್ತದೆ, ಉಳಿದೆರಡನ್ನು ಅಕ್ಕಪಕ್ಕದ ಮಾತುಗಳೇ ಬಿಡಿಸಿಕೊಡುತ್ತವೆ. ನಿಮ್ಮ ಸಂಪಾದಕೀಯದ ಮೊದಲ ಪ್ಯಾರಾದಲ್ಲಿ ಹತ್ತು ಗೊತ್ತಿಲ್ಲ. ಅದು ಓದಲ್ಲ, ಅಗೆತ. ಯಾವುದೇ ಪುಸ್ತಕದಲ್ಲಿ ಒಂದು ನೂರು ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಪೆನ್ಸಿಲ್ ಚುಕ್ಕೆ ಇಡಿ. ಐದು ಚುಕ್ಕೆ ದಾಟಿದರೆ ಸದ್ಯಕ್ಕೆ ಮುಚ್ಚಿಡಿ. ಏಳನೇ ತರಗತಿಯ ಪಠ್ಯ ನಿಮ್ಮ ಮಟ್ಟಕ್ಕೆ ಸರಿಹೋದರೆ ಅದನ್ನೇ ಓದಿ, ನಾಚಿಕೆ ಏಕೆ?

ಇದು ಹೊಸ ಮಾತೂ ಅಲ್ಲ. ನೂರು ವರ್ಷಗಳ ಹಿಂದೆ ಢಾಕಾದಲ್ಲಿ ಬಂಗಾಳಿ ಹುಡುಗರಿಗೆ ಕಲಿಸುತ್ತಿದ್ದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷರು, ಪಠ್ಯಗಳಲ್ಲಿ ಅಪರೂಪದ ಪದಗಳು ಒತ್ತೊತ್ತಾಗಿ ಬಂದು ಮಕ್ಕಳು ಮುಗ್ಗರಿಸುವುದನ್ನು ಕಂಡರು. ಹಳೆಯ ಪದಗಳನ್ನು ತೆಗೆದು ದಿನಬಳಕೆಯವನ್ನು ಹಾಕಿ, ಹೊಸ ಪದಗಳನ್ನು ದೂರದೂರಕ್ಕೆ ಹರಡಿ ಪಾಠಗಳನ್ನು ಬರೆದರು. ಮುಂದೆ 1953ರಲ್ಲಿ ಅವರು ಹೊರತಂದ ಸುಮಾರು 2,000 ಪದಗಳ ಪಟ್ಟಿ ಇಂದಿಗೂ ಹೆಸರಾಗಿದೆ. ಪಟ್ಟಿಯೇ ಬೇಕು ಎನ್ನುವುದಾದರೆ ಅಂಥದೊಂದನ್ನು ತೆಗೆದುಕೊಂಡು ಗೊತ್ತಿಲ್ಲದವನ್ನು ಮಾತ್ರ ಗುರುತು ಮಾಡಿಕೊಳ್ಳಿ.

ಇನ್ನು ಪತ್ರಿಕೆ. ಓದಿ, ಆದರೆ ನಿಮಗೆ ಮೊದಲೇ ಗೊತ್ತಿರುವ ಸುದ್ದಿಯನ್ನು ಓದಿ. ಮಂಡ್ಯದವರಿಗೆ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೊಡಗಿನಲ್ಲಿ ಮಳೆ ಬಂದರೆ ಒಳಹರಿವು ಏರುತ್ತದೆ, ಕಟ್ಟೆ ತುಂಬಿದರೆ ಹೊರಹರಿವು ಹೆಚ್ಚಿಸುತ್ತಾರೆ, ತಗ್ಗು ಪ್ರದೇಶದವರಿಗೆ ಎಚ್ಚರಿಕೆ ಕೊಡುತ್ತಾರೆ. ಬೆಳಗ್ಗೆ ಇದನ್ನು ಕನ್ನಡ ಪತ್ರಿಕೆಯಲ್ಲಿ ಓದಿ, ಸಂಜೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ನೋಡಿ. ಮೈಸೂರಿನಲ್ಲಿ ಒಂದೇ ಬಳಗದಿಂದ ಬೆಳಗ್ಗೆ ಕನ್ನಡದ ಮೈಸೂರು ಮಿತ್ರ, ಸಂಜೆ ಇಂಗ್ಲಿಷಿನ ಸ್ಟಾರ್ ಆಫ್ ಮೈಸೂರ್ ಬರುತ್ತವೆ, ಇಂಥ ಅನುಕೂಲ ಎಷ್ಟು ಊರುಗಳಿಗಿದೆ? ಕೊಡಗಿನ ಮಳೆಯ ಪಕ್ಕದಲ್ಲಿ 'ಕ್ಯಾಚ್‌ಮೆಂಟ್' ಕಂಡರೆ ಅದು ಜಲಾನಯನ ಪ್ರದೇಶ ಎಂದು ನಿಘಂಟು ಹೇಳುವ ಮೊದಲೇ ನಿಮಗೆ ಹೊಳೆದಿರುತ್ತದೆ. 'ಲೋ ಲೈಯಿಂಗ್' ಕಂಡಾಗ ಸುಳ್ಳು ಹೇಳುವವರು ಎಂದುಕೊಳ್ಳುವುದಿಲ್ಲ (ನನ್ನ ವಿದ್ಯಾರ್ಥಿಯೊಬ್ಬ ಅಂದುಕೊಂಡಿದ್ದ), ಪಶ್ಚಿಮವಾಹಿನಿಯ ದಂಡೆ ಕಣ್ಣ ಮುಂದೆ ಬರುತ್ತದೆ.

'ಡಿಸ್ಚಾರ್ಜ್' ಎಂಬ ಒಂದು ಪದವನ್ನು ಹಿಡಿದುಕೊಳ್ಳಿ. ಆಸ್ಪತ್ರೆಯಲ್ಲಿ ಅಜ್ಜಿಯನ್ನು ಡಿಸ್ಚಾರ್ಜ್ ಮಾಡಿದರು ಎನ್ನುತ್ತೀರಿ. ಮೊಬೈಲ್ ಬ್ಯಾಟರಿ ಡಿಸ್ಚಾರ್ಜ್ ಆಯಿತು ಎನ್ನುತ್ತೀರಿ. ಕಟ್ಟೆಯಿಂದ ಇಷ್ಟು ಕ್ಯುಸೆಕ್ ಡಿಸ್ಚಾರ್ಜ್ ಎಂದು ಪತ್ರಿಕೆ ಬರೆಯುತ್ತದೆ. ಮೂರರಲ್ಲೂ ಒಳಗಿದ್ದದ್ದು ಹೊರಗೆ ಹೋಗುತ್ತಿದೆ. ಇದನ್ನು ನೀವೇ ಕಂಡುಕೊಂಡ ದಿನ ಆ ಪದ ನಿಮ್ಮದಾಯಿತು. ಮೂರು ತಿಂಗಳು ಹೀಗೆ ಓದಿದ ಮೇಲೆ ಸಂಪಾದಕೀಯದ ಕಡೆ ಹೋಗಿ.

ಪ್ರಶ್ನೆ: ಪಾಂಡವಪುರದಲ್ಲಿ ಸರ್ಕಾರಿ ನೌಕರ, ವಯಸ್ಸು 47. ಇಲಾಖಾ ಪತ್ರಗಳನ್ನು ಅರ್ಥ ಮಾಡಿಕೊಳ್ಳಲು ನಿಘಂಟು ನೋಡುತ್ತೇನೆ. ಅರ್ಥ ನೋಡಿದರೂ ಕೆಲವೊಮ್ಮೆ ವಾಕ್ಯ ಕೂಡುವುದಿಲ್ಲ. ಕಲಿತ ಪದ ಎರಡು ದಿನದಲ್ಲಿ ಮರೆತುಹೋಗುತ್ತದೆ. ವಯಸ್ಸಿನ ದೋಷವೇ?

ಉತ್ತರ: ವಾಕ್ಯ ಏಕೆ ಕೂಡುವುದಿಲ್ಲ ಎಂಬುದಕ್ಕೆ ನನ್ನ ಅವಮಾನದ ಕಥೆ ಹೇಳುತ್ತೇನೆ. 1979, ನಾನು ಎರಡನೇ ಪಿಯುಸಿ. ಮದ್ದೂರು ತಾಲ್ಲೂಕಿನಲ್ಲಿ ಕಬ್ಬು ಬೆಳೆಯುತ್ತಿದ್ದ ಅಪ್ಪನಿಗೆ ಬೆಳೆಸಾಲ ಕೊಟ್ಟವರಿಂದ ಇಂಗ್ಲಿಷ್ ಪತ್ರ ಬಂತು. "ಏನವ್ವ ಬರೆದಿದ್ದಾರೆ?" ಎಂದರು. 'ಔಟ್‌ಸ್ಟ್ಯಾಂಡಿಂಗ್ ಅಮೌಂಟ್' ಎಂದಿತ್ತು. ಆ ಪದ ನನಗೆ ಗೊತ್ತು, ಕಾಲೇಜಿನ ಬಹುಮಾನ ಪತ್ರದಲ್ಲಿ ಓದಿದ್ದೆ. "ನಿಮ್ಮ ಮೊತ್ತ ಅತ್ಯುತ್ತಮವಾಗಿದೆಯಂತೆ ಅಪ್ಪ" ಎಂದೆ. ಅಪ್ಪ ಅರಳಿಕಟ್ಟೆಯವರೆಗೂ ಹೋಗಿ ಹೇಳಿಕೊಂಡು ಬಂದರು. ಹದಿನೈದು ದಿನ ಕಳೆದು ವಸೂಲಿಯವನು ಬಾಗಿಲಿಗೆ ಬಂದಾಗಲೇ ಅದು ಬಾಕಿ ಎಂದು ಗೊತ್ತಾದದ್ದು. ಅಪ್ಪ ರೇಗಲಿಲ್ಲ. ರಾತ್ರಿ ಮುದ್ದೆ ಮುರಿಯುತ್ತಾ, "ಅವ್ವ, ಆ ಅತ್ಯುತ್ತಮವನ್ನು ಯಾವಾಗ ಕಟ್ಟುವುದು?" ಎಂದು ಕೇಳಿದರು, ಅಷ್ಟೆ.

ಪಕ್ಕದಲ್ಲೇ 'ಅಮೌಂಟ್' ಕೂತಿತ್ತು, ನಾನು ಅದನ್ನು ವಿಚಾರಿಸಲಿಲ್ಲ. ನೀವೂ ನಿಘಂಟಿನ ಮೊದಲ ಅರ್ಥ ಕಂಡ ಕೂಡಲೇ ಮುಚ್ಚುತ್ತಿರಬಹುದು. ಕೊನೆಯ ಅರ್ಥದವರೆಗೆ ಹೋಗಿ, ಯಾವುದು ಆ ವಾಕ್ಯದಲ್ಲಿ ಕೂರುತ್ತದೆ ಎಂದು ಕೂರಿಸಿ ನೋಡಿ. ಇಂಗ್ಲಿಷ್-ಕನ್ನಡ ನಿಘಂಟು ಇರಲಿ. ಜೊತೆಗೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಒಂದಿರಲಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಪದಗಳನ್ನೂ ಸುಮಾರು 2,000 ಸುಲಭ ಪದಗಳಲ್ಲೇ ವಿವರಿಸುತ್ತದೆ. ಅರ್ಥ ನೋಡಲು ಹೋದವರು ಅಲ್ಲೇ ಎರಡು ವಾಕ್ಯ ಇಂಗ್ಲಿಷ್ ಓದಿ ಬರುತ್ತೀರಿ.

ಮರೆವಿನ ವಿಷಯಕ್ಕೆ ಬಂದರೆ, ವಯಸ್ಸನ್ನು ದೂರಬೇಡಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತೇನೆ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಹೆಚ್ಚಿನ ಪಾಲು ಮೊದಲ ದಿನವೇ ಸೋರಿಹೋಗಿತ್ತು. 1885ರಲ್ಲಿ ಅದನ್ನು ಪ್ರಕಟಿಸಿದಾಗ ಅವರಿಗೆ 35 ವರ್ಷ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ನೋಡುವುದೇ ಇದಕ್ಕೆ ಮದ್ದು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕರು ಚೀಟಿಗಳನ್ನು ಡಬ್ಬಿಯಿಂದ ಡಬ್ಬಿಗೆ ಸಾಗಿಸುವ ಉಪಾಯವನ್ನು ಪ್ರಚಾರಕ್ಕೆ ತಂದರು. ನಮ್ಮ ಮನೆಯಲ್ಲಿ ಅದಕ್ಕೆ ಹಳೆಯ ಲಗ್ನಪತ್ರಿಕೆಗಳೇ ಸಾಕು. ಖಾಲಿ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿ. ಸಾಬೂನಿನ ಮೂರು ಡಬ್ಬಿ ಇಡಿ: ಒಂದು ದಿನವೂ ನೋಡಲು, ಇನ್ನೊಂದು ಮೂರು ದಿನಕ್ಕೊಮ್ಮೆ, ಕೊನೆಯದು ಭಾನುವಾರಕ್ಕೆ. ನೆನಪಿದ್ದ ಚೀಟಿ ಮುಂದಿನ ಡಬ್ಬಿಗೆ, ಮರೆತದ್ದು ಮೊದಲಿನದಕ್ಕೆ.

ಚೀಟಿಯಲ್ಲಿ ಒಂಟಿ ಪದ ಬರೆಯಬೇಡಿ, ಅದರ ಜೊತೆಗಾರನನ್ನೂ ಬರೆಯಿರಿ. ನಾವು ಕಾಫಿ ಸ್ಟ್ರಾಂಗ್ ಎನ್ನುತ್ತೇವೆ, ಇಂಗ್ಲಿಷರೂ ಹಾಗೆಯೇ. ಜೋರು ಮಳೆಗೆ ಮಾತ್ರ ಅವರು 'ಹೆವಿ ರೇನ್' ಎನ್ನುತ್ತಾರೆ, ಸ್ಟ್ರಾಂಗ್ ಎನ್ನುವುದಿಲ್ಲ. ಕಾರಣ ಕೇಳಬೇಡಿ. ಸ್ನಾನ ಮಾಡುವ ನಾವು ನಿದ್ದೆಯನ್ನೂ ಊಟವನ್ನೂ 'ಮಾಡುತ್ತೇವೆ' ಅಲ್ಲವೇ, ಅದಕ್ಕೆ ಏನು ಕಾರಣ ಕೊಡುತ್ತೀರಿ?

ಪ್ರಶ್ನೆ: 30 ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎಂಬ ಜಾಹೀರಾತು ನೋಡಿದೆ. ಸೇರಬಹುದೇ? (ನಾಗಮಂಗಲದಿಂದ)

ಉತ್ತರ: ನಿಮ್ಮ ಕಡೆಯ ಹುರುಳಿಗೇ ಮೂರು ತಿಂಗಳು ಬೇಕು.

ಪ್ರಶ್ನೆ: ಮೈಸೂರಿನ ಕುವೆಂಪುನಗರದ ಗೃಹಿಣಿ ನಾನು. ಆರನೇ ತರಗತಿಯ ಮಗಳು ಇಂಗ್ಲಿಷ್ ಪಾಠವನ್ನು ಒಂದೇ ಉಸಿರಿಗೆ ಗಟ್ಟಿಯಾಗಿ ಓದುತ್ತಾಳೆ. ಏನಿತ್ತಮ್ಮ ಅದರಲ್ಲಿ ಎಂದರೆ ಕಣ್ಣು ಕಣ್ಣು ಬಿಡುತ್ತಾಳೆ. ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೇಗೆ ಸಹಾಯ ಮಾಡಲಿ?

ಉತ್ತರ: ನಮ್ಮಲ್ಲಿ ಎಷ್ಟೋ ಜನ ಸಂಸ್ಕೃತ ಸ್ತೋತ್ರಗಳನ್ನು ಒಂದಕ್ಷರ ತಪ್ಪದೆ ಹೇಳುತ್ತೇವೆ, ಅರ್ಥ ಕೇಳಿದರೆ ದೇವರೇ ಬಲ್ಲ. ನಿಮ್ಮ ಮಗಳದೂ ಅದೇ ಪಾರಾಯಣ. ಅವಳ ಗಮನವೆಲ್ಲ ಉಚ್ಚಾರಕ್ಕೇ ಖರ್ಚಾಗುತ್ತಿದೆ.

ಗಟ್ಟಿಯಾಗಿ ಓದಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಒಂದು ಪುಟವನ್ನು ಮನಸ್ಸಿನಲ್ಲೇ ಓದಲಿ, ಪುಸ್ತಕ ಮುಚ್ಚಲಿ, ಆಮೇಲೆ ನೀವು ಸೊಪ್ಪು ಬಿಡಿಸುತ್ತಾ ಕೂತಿರುವಾಗ ಅದನ್ನು ಕನ್ನಡದಲ್ಲಿ ಹೇಳಲಿ. ಕನ್ನಡದಲ್ಲಿ ಏಕೆಂದರೆ, ಇಂಗ್ಲಿಷಿನಲ್ಲಿ ಹೇಳಿಸಿದರೆ ಪುಸ್ತಕದ ವಾಕ್ಯವನ್ನೇ ಒಪ್ಪಿಸಿಬಿಡುತ್ತಾಳೆ. ನಿಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂಬುದು ಇಲ್ಲಿ ಲಾಭವೇ. ಅಮ್ಮನಿಗೆ ನಿಜವಾಗಿ ಗೊತ್ತಿಲ್ಲ ಎಂದು ತಿಳಿದರೆ ಮಕ್ಕಳು ಬಹಳ ಜಂಬದಿಂದ ವಿವರಿಸುತ್ತಾರೆ. ನೀವು "ಆಮೇಲೆ? ಅವನು ಏಕೆ ಹಾಗೆ ಮಾಡಿದ?" ಎಂದು ಕೇಳುತ್ತಿರಿ, ಸಾಕು. ಉತ್ತರ ಸಿಗದಿದ್ದರೆ ತಾನಾಗಿಯೇ ಪುಟ ತಿರುವುತ್ತಾಳೆ, ಆಗ ಅವಳು ಓದಲು ಶುರು ಮಾಡಿದಳೆಂದು ತಿಳಿಯಿರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಹಲವು ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ, ಮಟ್ಟವನ್ನೂ ನಮೂದಿಸಿರುತ್ತಾರೆ. ಕನ್ನಡದ್ದು ನೀವು ಓದಿ, ಇಂಗ್ಲಿಷಿನದು ಅವಳು ಓದಲಿ, ಕೊನೆಗೆ ಇಬ್ಬರ ಕಥೆಯೂ ಒಂದೇನಾ ಎಂದು ತಾಳೆ ನೋಡಿ.

ಪ್ರಶ್ನೆ: ಟೀಚರಮ್ಮ, ಮಂಡ್ಯದ ಬಳಿ ನಮ್ಮದು ಆಲೆಮನೆ. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಜಾಗರಿ ಎನ್ನುತ್ತಾರೆಂದು ಮೊಮ್ಮಗ ಹೇಳುತ್ತಾನೆ. ಕಬ್ಬೇ ಬೆಳೆಯದ ದೇಶದವರಿಗೆ ಆ ಹೆಸರು ಎಲ್ಲಿಂದ ಬಂತು?

ಉತ್ತರ: ನಮ್ಮ ಕಡೆಯಿಂದಲೇ ಯಜಮಾನರೇ. ಸಂಸ್ಕೃತದ ಶರ್ಕರಾ ದಕ್ಷಿಣದ ಕರಾವಳಿಯ ಬಾಯಲ್ಲಿ ರೂಪ ಬದಲಿಸಿ ಪೋರ್ಚುಗೀಸರ ಕಿವಿಗೆ ಬಿದ್ದು ಜಾಗರಿಯಾಯಿತು. ಅದೇ ಶರ್ಕರಾ ಪರ್ಷಿಯನ್, ಅರಬ್ಬಿ ಭಾಷೆಗಳನ್ನು ಸುತ್ತಿಕೊಂಡು ಯುರೋಪಿಗೆ ಹೋಗಿ ಶುಗರ್ ಆಯಿತು. ನಮ್ಮಲ್ಲೇ ಉಳಿದದ್ದು ಸಕ್ಕರೆ. ಮೂರೂ ಒಂದೇ ಮನೆಯ ಮಕ್ಕಳು ಎಂದು ಮೊಮ್ಮಗನಿಗೆ ಹೇಳಿ, ಮೂರನ್ನೂ ಅವನು ಇನ್ನು ಮರೆಯುವುದಿಲ್ಲ. ಪತ್ರದ ಜೊತೆ ಕಳುಹಿಸಿದ ಅಚ್ಚುಬೆಲ್ಲ ಪತ್ರಿಕೆಯ ಕಚೇರಿಗೆ ತಲುಪಿತಂತೆ. ನನ್ನ ಕೈಗೆ ಬಂದದ್ದು ನಾಲ್ಕು ಅಚ್ಚು. ನೀವು ಎಷ್ಟು ಇಟ್ಟಿದ್ದಿರಿ ಎಂದು ದಯವಿಟ್ಟು ಒಂದು ಕಾಗದ ಬರೆಯಿರಿ, ಸಂಪಾದಕರ ಬಳಿ ಔಟ್‌ಸ್ಟ್ಯಾಂಡಿಂಗ್ ಎಷ್ಟಿದೆ ಎಂದು ನೋಡಬೇಕು.